ಮೂರನೇ ಮಹಡಿ ಖಾಲಿಯಿದೆ

ಜೂನ್ 9, ಸೋಮವಾರ

ಮೋಟರ್ ಹಾಕಿದ್ದಾಯಿತು. ಇವರಿಗೆ ಗಂಜಿ ಕುಡಿಸಿದ್ದಾಯಿತು. ಎಡಗೈ ಇನ್ನೂ ಲೋಟ ಹಿಡಿಯುವುದಿಲ್ಲ. ಸ್ಟ್ರೋಕ್ ಆಗಿ ಐದು ತಿಂಗಳು. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ಕುರ್ಚಿ ಸಮೇತ ಎತ್ತಿ ತಂದು ಮೇಲೆ ಬಿಟ್ಟರು. ಆಮೇಲೆ ಕೆಳಗೆ ಇಳಿದೇ ಇಲ್ಲ. ಐವತ್ತೆರಡು ಮೆಟ್ಟಿಲು. ಲಿಫ್ಟ್ ಇಲ್ಲ. ಫಿಸಿಯೋದವರು ನಿನ್ನೆ ಖಡಾಖಂಡಿತವಾಗಿ ಹೇಳಿಬಿಟ್ಟರು — "ದಿನಾ ಹೊರಗಡೆ ನಡೀಬೇಕು ಮೇಡಂ. ಇನ್ನು ಮೂರ್ನಾಲ್ಕು ತಿಂಗಳು. ಆಮೇಲೆ ಎಷ್ಟು ಬಂದಿರುತ್ತೋ ಅಷ್ಟೇ."

ಮೂಡಲಪಾಳ್ಯದಲ್ಲಿ ಕೆಳಗಿನ ಮನೆಯೊಂದು ಸಿಕ್ಕಿದೆ. ಎದುರಿಗೇ ಪಾರ್ಕ್. ಆ ಮನೆಯ ಓನರ್ ಗಂಗಲಕ್ಷ್ಮಮ್ಮ, ಒಳ್ಳೆಯ ಹೆಂಗಸು. "ಜುಲೈ ಕೊನೇವರ್ಗೂ ಯಾರ್ಗೂ ಕೊಡಲ್ಲ ಕಣಮ್ಮ. ಆಮೇಲೆ ನನ್ನ ಕೇಳ್ಬೇಡ." ಬಾಡಿಗೆಯ ಬದಲು ಕೊಟ್ಟ ನಮ್ಮ ಎಂಟು ಲಕ್ಷ ಈ ಮನೆಯ ಲೀಸಿನಲ್ಲಿದೆ. ಅದು ಕೈಗೆ ಬಂದರೇ ಅಲ್ಲಿಗೆ ಹೋಗುವುದು.

ಸಂಜೆ 7

ನಮ್ಮ ಓನರ್ ರಾಜೇಂದ್ರ ಇದೇ ಕಟ್ಟಡದ ಕೆಳಗಿನ ಮನೆಯಲ್ಲಿದ್ದಾರೆ. ಉಯ್ಯಾಲೆ ಮೇಲೆ ಕೂತೇ ಮಾತಾಡಿದರು. "ಮೂರು ವರ್ಷದ ಅಗ್ರಿಮೆಂಟ್ ಅಲ್ವೇನ್ರೀ? ಇನ್ನೂ ಹದಿನಾಲ್ಕು ತಿಂಗಳಿದೆ. ಮುಂದಿನವ್ರು ದುಡ್ಡು ಕೊಟ್ರೆ ನಿಮ್ದು ಕೊಡ್ತೀನಿ. ಜನಾನ ನೀವೇ ಹುಡುಕ್ಕೊಂಡು ಬನ್ನಿ."

ಗೇಟಿಗೆ ಒಂದು ಬೋರ್ಡಾದರೂ ಹಾಕಿ ಸಾರ್ ಅಂದೆ. ಬ್ರೋಕರ್‌ಗಳ ಕಾಟವಂತೆ. ಸರಿಹೋಯಿತು!

ಜೂನ್ 13

ಆಫೀಸಿನ ಚೇತನಾಳ ಅಣ್ಣ ಲಾಯರ್. ಊಟದ ಹೊತ್ತಿನಲ್ಲಿ ಫೋನ್ ಮಾಡಿಸಿದಳು. "ಓನರ್ ಸುಮ್ನೆ ಕೂರೋದು ತಪ್ಪು ಮೇಡಂ, ಅವ್ರೂ ಹುಡುಕ್ಬೇಕು ಅಂತ ವಾದ ಮಾಡಬಹುದು. ಆದ್ರೆ ಕೋರ್ಟಿಗೆ ಹೋದ್ರೆ ವರ್ಷಗಟ್ಟಲೆ..." ನನಗಿರುವುದು ಒಂದೂವರೆ ತಿಂಗಳು. ಥ್ಯಾಂಕ್ಸ್ ಹೇಳಿ ಇಟ್ಟೆ.

ಜೂನ್ 22, ಭಾನುವಾರ

ಮೂರು ಪಾರ್ಟಿ ಬಂದಿದ್ದರು. ಗದಗಿನ ಯಲ್ಲಪ್ಪ, ಅವರ ಹೆಂಡತಿ — ಎಷ್ಟು ಚೆನ್ನಾಗಿ ಮಾತಾಡಿದರು. ರಾಜೇಂದ್ರ ಬೇಡ ಅಂದರು. ಡೆಲಿವರಿ ಕೆಲಸದವರಂತೆ. ಕಾಲೇಜಿನ ಹುಡುಗಿಯರು — ಅವರೂ ಬೇಡ. ಮೂರನೆಯವರನ್ನು ಒಪ್ಪಿದರು. ಆದರೆ ಆ ಹೆಂಗಸು ಮಂಚದ ಮೇಲಿದ್ದ ಇವರನ್ನು ನೋಡಿದಳು. ವಾಕರ್ ನೋಡಿದಳು. ಮೆಟ್ಟಿಲಿಳಿಯುತ್ತ ಗಂಡನಿಗೆ ಹೇಳಿದ್ದು ಒಳಗೇ ಕೇಳಿಸಿತು. "ಮನೆ ಇವ್ರಿಗೆ ಆಗಿಬಂದಿಲ್ಲ ರೀ. ನೋಡಿದ್ರಲ್ಲ, ಬೇಡ."

ಇವರಿಗೂ ಕೇಳಿಸಿತು. ಗೋಡೆ ಕಡೆ ತಿರುಗಿ ಮಲಗಿದರು. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ.

ಜೂನ್ 26

ಆಷಾಢ ಶುರು. ಒಂದು ಫೋನೂ ಇಲ್ಲ. ನಾನೇ ಮಾಡಿದರೆ, "ಆಷಾಢದಲ್ಲಿ ಯಾರ್ ಹಾಲುಕ್ಕಿಸ್ತಾರೆ ಅಕ್ಕಾ? ಶ್ರಾವಣ ಬರ್ಲಿ." ನನಗೆ ತಿಳಿಯದ್ದೇ ಇದು? ಏಪ್ರಿಲ್‌ನಲ್ಲೇ ಕೇಳಬೇಕಿತ್ತು. ನನ್ನ ತಲೆಗೆ ಏನಾಗಿತ್ತೋ! ಶ್ರಾವಣ ಬಂದ ಮೇಲೆ ಜುಲೈ ಮುಗಿಯಲು ಉಳಿಯುವುದು ಒಂದೇ ವಾರ.

ಜುಲೈ 16

ಇವರು ಇವತ್ತು ನಡುಮನೆಯಲ್ಲಿ ನಡೆದದ್ದು ಹನ್ನೊಂದು ಹೆಜ್ಜೆ. ಹೋದ ವಾರ ಹದಿಮೂರು ಇತ್ತು.

ಜುಲೈ 26, ಶನಿವಾರ

ಇವತ್ತು ನಾಲ್ಕು ಗಂಟೆಗೆ ರಾಗಿಣಿ ಅಂತ ಒಬ್ಬಳು ಗಂಡನ ಜೊತೆ ಬಂದಿದ್ದಳು. ಮಹಾಲಕ್ಷ್ಮಿ ಲೇಔಟ್‌ನವರು. ರಾಜೇಂದ್ರ ಫೋನಿನಲ್ಲೇ ಒಪ್ಪಿದ್ದಾರೆ. ಬಂದವರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಳ್ಳುವ ಉಪಾಯ ನಮ್ಮ ಇವರದ್ದೇ. ರೂಮಿನ ಬಾತ್‌ರೂಮಲ್ಲಿ ಸ್ಟೂಲ್ ಹಾಕಿ ಕೂರಿಸಿದೆ. ವಾಕರ್ ಒಳಗೆ. ಮಂಚದ ಮೇಲೆ ಮಡಿಸಿದ ಬಟ್ಟೆಯ ರಾಶಿ. ಕೇಳಿದರೆ ಪ್ಲಂಬರ್ ಅನ್ನುವುದು.

ಕೇಳಿದಳು. "ಒಳಗಡೆ ಪ್ಲಂಬರ್ ಇದಾರಮ್ಮ" ಅಂದೆ. ಅಷ್ಟರಲ್ಲಿ ಒಳಗಿಂದ ಟಣ್, ಟಣ್... ಬಲಗೈಯಲ್ಲಿ ಚೊಂಬು ಹಿಡಿದು ಪೈಪಿಗೆ ಬಡಿಯುತ್ತಿದ್ದಾರೆ! ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ. ಎಷ್ಟು ತಿಂಗಳಾಗಿತ್ತು ನಕ್ಕು.

ಅಡುಗೆಮನೆ ಇಷ್ಟವಾಯಿತು. ಗಾಳಿ ಬೆಳಕು ಇಷ್ಟವಾಯಿತು. ಹೊರಡುವಾಗ ಕೇಳಿದಳು — "ನಮ್ಮತ್ತೆಗೆ ಮಂಡಿನೋವು ಆಂಟಿ. ಮೆಟ್ಲು ಕಷ್ಟ ಆಗಲ್ವಾ?"

"ಏನಿಲ್ಲಮ್ಮ. ಅಗಲವಾಗಿವೆ. ನಿಧಾನಕ್ಕೆ ಹತ್ತಬಹುದು."

ನಾನೇ ಅಂದದ್ದು. ಒಳಗೆ ಪೈಪಿನ ಸದ್ದು ನಿಂತಿತು.

ನಾಳೆ ಹತ್ತಕ್ಕೆ ಅತ್ತೆಯನ್ನು ಕರೆತಂದು ಟೋಕನ್ ಅಡ್ವಾನ್ಸ್ ಕೊಡುತ್ತಾರಂತೆ. ಊಟಕ್ಕೆ ಕೂತಾಗ ಇವರು ತೊದಲುತ್ತ ಹೇಳಿದರು — "ನಾಳೆ ಒಳಗೆ ಕೂರಲ್ಲ ಶಶಿ. ಮಂಡಿನೋವಿನ ಆಯಮ್ಮನ್ನೂ ಇಲ್ಲೇ ಕೂಡಿಹಾಕೋದಾ?"

ರೇಗಿಹೋಯಿತು. "ಹಾಗಾದ್ರೆ ನಾವಿಬ್ರೂ ಇಲ್ಲೇ ಸಾಯೋಣ ಬಿಡಿ!" ಅಂದೆ. ಅನ್ನಬಾರದಿತ್ತು. ಅಂದುಬಿಟ್ಟೆ.

ಜುಲೈ 27, ಭಾನುವಾರ. 9.50

ಶೇವ್ ಮಾಡಿಸಿಕೊಂಡರು. ಇಸ್ತ್ರಿ ಶರ್ಟ್ ಕೇಳಿದರು. ಚಪ್ಪಲಿಯನ್ನೂ. ಧೂಳು ಒರೆಸಿ ತೊಡಿಸಿದೆ. ಬಾಗಿಲಿಗೆ ಎದುರಾಗಿ ಮಂಚದ ಮೇಲೆ ಕೂತಿದ್ದಾರೆ. ಕಾಲು ಹಿಡಿದುಕೊಂಡು ಬೇಡಿದೆ. ಇಲ್ಲ ಅಂತ ತಲೆ ಆಡಿಸಿದರು. ಬಾತ್‌ರೂಮಿನ ಸ್ಟೂಲ್ ತೆಗೆದಿಲ್ಲ ನಾನು.

ಗಂಗಲಕ್ಷ್ಮಮ್ಮ ಫೋನ್ ಮಾಡಿದ್ದರು. ಬೇರೆಯವರು ಕೇಳುತ್ತಿದ್ದಾರಂತೆ. ಇನ್ನು ನಾಲ್ಕು ದಿನ.

10.05

ಬಂದರು. ಅಡುಗೆ ಕಟ್ಟೆ ಮೇಲೆ ಬರೆಯುತ್ತಿದ್ದೇನೆ. ಕೆಳಗೆ ರಾಗಿಣಿಯ ದನಿ — "ನಿಧಾನ ಅತ್ತೆ, ನಿಧಾನ." ಎರಡನೇ ಮಹಡಿಯಲ್ಲಿ ನಿಂತಿದ್ದಾರೆ. ಅಜ್ಜಿಯ ಏದುಸಿರು ಇಲ್ಲಿಗೇ ಕೇಳಿಸುತ್ತಿದೆ.

"ಇನ್ನೂ ಎಷ್ಟಿದೆ ಮಗಳೇ?"

ಹದಿನೆಂಟು. ನನಗೆ ಗೊತ್ತು. ಇವರಿಗೂ ಗೊತ್ತು. ನನ್ನನ್ನೇ ನೋಡುತ್ತಿದ್ದಾರೆ. ಈಗಲೂ ಹೊತ್ತಿದೆ, ಎತ್ತಿ ಒಳಗೆ ಕೂರಿಸಿ ಬಾಗಿಲು ಹಾಕಿದರೆ... ಅಥವಾ ನಾನೇ ಇಳಿದು ಹೋಗಿ, ಅಮ್ಮಾ ಹತ್ತಬೇಡಿ ಅಂದುಬಿಟ್ಟರೆ...