ಮಾವ ಕೂಗಿದ ಸೈರನ್

ನವೆಂಬರ್ 12, ಬುಧವಾರ

ಆ ಕೂಗು ಇನ್ನೂ ಕಿವಿಯಲ್ಲೇ ಇದೆ.

ಧರ್ಮಪುರದ ರಸ್ತೆಯ ಮಿಲಿಟರಿ ಕ್ಯಾಂಪಿನಿಂದ ಸೈನಿಕರ ಲಾರಿಗಳು ಸೋಮವಾರ ಹೊರಟುಹೋದವು. ಕಾವಲಿಗೆ ಉಳಿದವರು ಆರೇ ಜನ. ಗುಂಡು ಹಾರಿಸುವ ಅಭ್ಯಾಸ ಇನ್ನಿಲ್ಲ, ಬಯಲಿನಲ್ಲಿ ಯಾವಾಗ ಬೇಕಾದರೂ ಕುರಿ ಮೇಯಿಸಿ ಎಂದು ಅವರೇ ಮಾವನಿಗೆ ಹೇಳಿದ್ದಾರೆ. ಆದರೆ ಕುರಿಗಳಿಗೆ ಹೇಳುವವರು ಯಾರು? ಅಭ್ಯಾಸ ಮುಗಿದ ಸೈರನ್ ಕೇಳಿದ ಮೇಲೆಯೇ ಬಯಲಿನೊಳಗೆ ಹೋಗಿ ಅವಕ್ಕೆ ರೂಢಿ. ಇವತ್ತು ನಮ್ಮ ಟೀ ಹೋಟೆಲಿನ ಎದುರು, ಸುಣ್ಣ ಬಳಿದ ಗಡಿಕಲ್ಲುಗಳ ಹತ್ತಿರ ಸುಮ್ಮನೆ ನಿಂತುಬಿಟ್ಟವು. ಆಚೆ ಮೊಣಕಾಲುದ್ದ ಹುಲ್ಲು ಗಾಳಿಗೆ ತೂಗುತ್ತಿತ್ತು.

"ಇವೂ ಮಿಲಿಟ್ರಿಯವೇ ಆಗ್ಯಾವೆ ನೋಡು ಮೀನಾಕ್ಷಿ," ಎಂದು ಮಾವ ನಕ್ಕರು. ಆಮೇಲೆ ಬಾಯಿಗೆ ಕೈ ಒಡ್ಡಿ, ಕತ್ತೆತ್ತಿ, ಉದ್ದಕ್ಕೆ ಕೂಗಿದರು. ಥೇಟ್ ಸೈರನ್. ಕುರಿಗಳು ಒಂದೊಂದಾಗಿ ಕಲ್ಲು ದಾಟಿ, ಕನಸಿನೊಳಗೆ ಇಳಿದ ಹಾಗೆ ಹುಲ್ಲಿನಲ್ಲಿ ಮುಳುಗಿದವು.

ಹುಲ್ಲೇನೋ ಬೇಕಾದಷ್ಟಿದೆ. ಭಾನುವಾರಕ್ಕೆ ಎರಡು ಕುರಿ ಕೊಳ್ಳುತ್ತಿದ್ದ ಕ್ಯಾಂಪಿನ ಮೆಸ್ಸೇ ಈಗ ಇಲ್ಲ.

ನಾನು ಹೋಟೆಲಿನ ಬಾಗಿಲಲ್ಲೇ ನಿಂತು ನೋಡುತ್ತಿದ್ದೇನೆ ಅಂದುಕೊಂಡಿದ್ದೆ. ಹಾಲು ಉಕ್ಕಿದ ವಾಸನೆಗೆ ಎಚ್ಚರವಾಯಿತು. ಸೈರನ್ ಆಯಿತೆಂದರೆ ಸೈನಿಕರು ಟೀಗೆ ಬರುವ ಹೊತ್ತು. ಕೈ ತಾನಾಗಿ ದೊಡ್ಡ ಪಾತ್ರೆ ಒಲೆಗಿಟ್ಟು, ಅರವತ್ತು ಲೋಟ ಜೋಡಿಸಿಬಿಟ್ಟಿದೆ. ಹಾಲಿನವನಿಗೆ ಬೇಡ ಅನ್ನಲು ನನಗಿನ್ನೂ ಬಾಯೇ ಬಂದಿಲ್ಲ.

ಮಾವ ಬಂದು ಲೋಟಗಳನ್ನು ನೋಡಿದರು. "ಯಾರಿಗಮ್ಮ ಇಷ್ಟೊಂದು?"

"ನೀವೇ ಕರದ್ರಲ್ಲ ಮಾವ."

ಅವರು ಬೆಂಚಿನ ಮೇಲೆ ಕುಳಿತು, ಒಂದು ಲೋಟ ಮುಗಿಸಿ, ಇನ್ನೊಂದಕ್ಕೆ ಕೈ ಚಾಚಿದರು.