ಮೀಸೆಗೊಂದು ನಿಯಮ

ಮಾಹೂಝ್, ಬಹ್ರೈನ್
೧೩ ಅಕ್ಟೋಬರ್ ೧೯೯೪

ಪ್ರೀತಿಯ ಅಪ್ಪಯ್ಯನಿಗೆ,

ನೀವು ಆಸ್ಪತ್ರೆಯಿಂದ ಮನೆಗೆ ಬಂದಿರೆಂದು ತಿಳಿದು ಸಮಾಧಾನವಾಯಿತು. ಅಲ್ಲಿ ನಿಮಗೆ ಏರಿಸಿದಂಥ ಸಲೈನ್ ಬಾಟಲಿಗಳನ್ನೇ ನಮ್ಮ ಕಾರ್ಖಾನೆಯಲ್ಲಿ ತುಂಬುತ್ತೇವೆ. ತಪಾಸಣೆಯಲ್ಲಿ ಒಂದರೊಳಗೆ ಮೀಸೆಯ ಕೂದಲು ಸಿಕ್ಕಿತು. ತುಂಬುವ ಕೋಣೆಯಲ್ಲಿ ಇನ್ನು ಯಾರಿಗೂ ಮೀಸೆ ಇರಬಾರದೆಂದು ನಾನೇ ನಿಯಮ ಬರೆದೆ.

"ಮೀಸೆ ತೆಗೆಯುದು ಅಪ್ಪ ಹೋದ ಮೇಲಲ್ವಾ ಸರ್? ನಮ್ಮಪ್ಪ ಊರಲ್ಲಿ ಗಟ್ಟಿ ಇದ್ದಾರೆ," ಎಂದರು ಅಲ್ಲಿನ ಹಿರಿಯ ಕೆಲಸಗಾರ ತಾರಾನಾಥರು. "ಬೇಕಾದ್ರೆ ನಿಮ್ಮದು ಮೊದ್ಲು ತೆಗೀರಿ."

ಎಲ್ಲರೂ ನಕ್ಕರು. ನನಗೆ ಮಾತ್ರ ನಿಮ್ಮ ಕೈಗೆ ಚುಚ್ಚಿದ್ದಿರಬಹುದಾದ ಸೂಜಿ ಕಣ್ಣ ಮುಂದೆ ಬಂತು.

ಶನಿವಾರ ಕೆಲಸಕ್ಕೆ ಹೋಗುವ ಮೊದಲು ನನ್ನ ಮೀಸೆ ಬೋಳಿಸುವುದೆಂದು ನಿರ್ಧರಿಸಿದ್ದೇನೆ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ನನ್ನ ಮುಖ ಕಂಡು ಅಮ್ಮನಿಗೆ ಗಾಬರಿಯಾದೀತು. ಬಾಗಿಲಿಗೆ ದಯವಿಟ್ಟು ನೀವೂ ಬಂದು ಅಮ್ಮನ ಪಕ್ಕದಲ್ಲಿ ನಿಂತಿರಿ.

ನಿಮ್ಮ
ಸಂದೇಶ್