ಉಜ್ಜಬಾರದ ಕಲೆ

ಭಾನುವಾರ, ಮಧ್ಯಾಹ್ನ

ಮುದ್ದು ಅಮ್ಮಾ,

ಊಟ ಆಯಿತಾ? ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೈಯುವೆಯಂತೆ.

ಈಗಷ್ಟೇ ಜೋಂಪು ಹತ್ತಿ ಕನಸು ಬಿತ್ತು. ನಿನ್ನ ಡ್ರೈಕ್ಲೀನಿಂಗ್ ಅಂಗಡಿ. ಇಸ್ತ್ರಿಯ ಹಬೆಯಲ್ಲಿ ಗೋಡೆಗಳೇ ಕಾಣುತ್ತಿರಲಿಲ್ಲ. ತೂಗುಹಾಕಿದ್ದ ಕೋಟುಗಳು, ಶಾಲುಗಳು ತಾವಾಗಿಯೇ ಕೆಳಗಿಳಿದು, ನಿನಗೆ ಹೋಗಿಬರುತ್ತೇವೆಂದು ಹೇಳಿ, ಮೆಲ್ಲಗೆ ಬಾಗಿಲು ದಾಟಿ ಹೋದವು. ಕೊನೆಗೆ ಅಂಗೈಯಗಲದ ಒಂದು ಅಂಗಿ ಉಳಿಯಿತು. ಅದಕ್ಕೆ ಹೆಸರಿನ ಚೀಟಿಯೇ ಇಲ್ಲ. ಇದು ಯಾರದೇ ಅಂತ ಕೇಳಿದೆ ನೀನು. ನನಗೆ ಗೊತ್ತಿತ್ತು, ಹೇಳಲಿಲ್ಲ.

ಎಚ್ಚರವಾದಾಗ ಕಣ್ಣ ಮುಂದೆ ಬಂದದ್ದು ಮಾತ್ರ ಹೋದ ತಿಂಗಳು ನೀನು ಕುಸಿದು ಬಿದ್ದದ್ದು. ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದಾಗಲೆಲ್ಲ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆ ಅಂತ ವರದಿ ಬರುತ್ತದೆ. ಉರಿಯಿಲ್ಲ, ಜ್ವರವಿಲ್ಲ. ಆದರೂ ನೀನು ಮೆಡಿಕಲ್ ಶಾಪಿಗೆ ಹೋಗಿ ಆಂಟಿಬಯಾಟಿಕ್ ತಂದು ನುಂಗುತ್ತೀ. ಅದರಿಂದಲೇ ಭೇದಿ ಹತ್ತಿ ಅವತ್ತು ಬಿದ್ದದ್ದು, ಈಗ ಕಡ್ಡಿಯಾಗಿದ್ದೀ. ತೊಂದರೆ ಕೊಡದಿದ್ರೆ ಅದನ್ನ ಅದರ ಪಾಡಿಗೆ ಬಿಡಿ, ಸುಮ್ಮನೆ ಮಾತ್ರೆ ತಿಂದ್ರೆ ನಿಜವಾಗಿ ಬೇಕಾದಾಗ ನಾಟೋದಿಲ್ಲ ಅಂತ ಡಾಕ್ಟರಮ್ಮ ನನ್ನೆದುರಿಗೇ ಹೇಳಿದರು. ಕೊಳೆ ಕಂಡಮೇಲೆ ತೊಳೀಬೇಡ್ವಾ ಅಂತ ನೀನು ಮೂತಿ ತಿರುವಿದೆ.

ಅಯ್ಯೋ ನನ್ನಮ್ಮಾ! ಹಳೇ ರೇಷ್ಮೆ ಶಾಲು ತಂದಿದ್ದ ಆ ಹೆಂಗಸು ನೆನಪಿದ್ದಾಳಾ? ಕಲೆ ತೆಗೀಲೇಬೇಕು ಅಂತ ಪಟ್ಟು ಹಿಡಿದಿದ್ದಳು. ಉಜ್ಜಿದ್ರೆ ಕಲೆ ಜೊತೆ ಶಾಲೂ ಹೋಗುತ್ತೆ, ಹಾಗೇ ಹೊದ್ಕೊಳ್ಳಿ ಅಂತ ವಾಪಸ್ ಕಳಿಸಿದವಳು ನೀನೇ. ಯಾರದೋ ಶಾಲಿನ ಮೇಲಿರುವ ಕರುಣೆ ನಿನ್ನ ಮೈಮೇಲೆ ಬೇಡವಾ?

ಸಕ್ಕರೆ ಹತೋಟಿಯಲ್ಲಿಡು. ಉರಿ, ಜ್ವರ, ಪಕ್ಕೆನೋವು ಬಂದರೆ ತಡಮಾಡದೆ ಡಾಕ್ಟರಮ್ಮನ ಹತ್ತಿರ ಓಡು. ನೀನು ಮತ್ತೆ ತಂದಿಟ್ಟುಕೊಂಡಿರುವ ಆ ಹೊಸ ಮಾತ್ರೆಯ ಪೊಟ್ಟಣ ಮಾತ್ರ ಬಿಚ್ಚಬೇಡ, ನಿನಗೆ ಕೈಮುಗಿಯುತ್ತೇನೆ. ನನಗೆ ಭಯವಾಗುತ್ತದೆ ಅಮ್ಮಾ. ಈ ವರ್ಷ ನೀನು ಗಟ್ಟಿಮುಟ್ಟಾಗಿರಬೇಕು.

ನಿನ್ನ
ಬಾಯಿಬಡುಕಿ

ತಾ.ಕ.: ನನ್ನ ವರದಿಯಲ್ಲೂ ಅದೇ ಬ್ಯಾಕ್ಟೀರಿಯಾ ಬಂದಿದೆ. ನನಗೂ ಉರಿಯಿಲ್ಲ, ಜ್ವರವಿಲ್ಲ. ಆದರೆ ಇಲ್ಲಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಒಂದನ್ನೂ ತಪ್ಪಿಸಬೇಡಿ ಅಂದಿದ್ದಾರೆ. ಅಮ್ಮನಿಗೊಂದು ನ್ಯಾಯ, ಮಗಳಿಗೊಂದು ನ್ಯಾಯವಾ ಅಂತ ಜಗಳಕ್ಕೆ ಹೊರಡಬೇಡ. ಹೊಟ್ಟೆಯಲ್ಲಿ ಮಗುವಿರುವಾಗ ಅದನ್ನು ಹಾಗೇ ಬಿಡಬಾರದಂತೆ. ಆ ಪುಟ್ಟ ಅಂಗಿಗೆ ಚೀಟಿ ಬರೆದಿಡು, ಅಜ್ಜೀ.